ಹನ್ನೊಂದನೆಯ ಪುಟದ ಮೊಳೆ

‘ಇದು ನಿನ್ನ ತಪ್ಪಲ್ಲ’ ಎಂಬ ಮೂರು ಶಬ್ದಗಳನ್ನು ಪ್ರಮಿಳಾ ಬೆಳಗಾವಿಯ ಬಸ್ ಸ್ಟ್ಯಾಂಡಿನಿಂದ ಮೂರನೇ ರೈಲ್ವೆ ಗೇಟು ಬರುವವರೆಗೆ ಬಾಯೊಳಗೇ ನಾಲ್ಕೈದು ಸಲ ಹೇಳಿಕೊಂಡು ನೋಡಿದಳು. ಒಂದು ಸಲವೂ ನಾಲಿಗೆಗೆ ಒಗ್ಗಲಿಲ್ಲ. ತೊಡೆಯ ಮೇಲೆ ಇಪ್ಪತ್ತು ಪುಸ್ತಕಗಳ ಗಂಟು. ಪುಸ್ತಕ ಅನ್ನುವಷ್ಟು ದೊಡ್ಡದೇನಲ್ಲ. ಹನ್ನೆರಡು ಪುಟ, ನಡುವೆ ಎರಡು ಪಿನ್ನು, ಇನ್ನೂ ಬಣ್ಣ ತುಂಬದ ಚಿತ್ರಗಳು, ಮೇಲೆ ದಪ್ಪ ಅಕ್ಷರದಲ್ಲಿ ‘ಅಪ್ಪನ ಜಡ್ಡು’. ಕುಡಿಯುವ ಅಪ್ಪಂದಿರ ಮಕ್ಕಳು ಓದಲಿ, ಮನೆಯಲ್ಲಿ ನಡೆಯುವುದು ಒಂದು ಕಾಯಿಲೆಯೆಂದು ತಿಳಿಯಲಿ ಎಂದು ಅವಳು ಕೆಲಸ ಮಾಡುವ ಸಂಸ್ಥೆಯವರು ತರುತ್ತಿರುವ ಪುಸ್ತಕ ಅದು. ಬರೆದವಳು ಅವಳೇ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಳು, ಎಲ್ಲರೂ ಅದನ್ನು ವಿನಯ ಎಂದುಕೊಂಡು ಮೆಚ್ಚಿದ್ದರು. ಬಾಜೂ ಸೀಟಿನ ಮುದುಕಿ ಗಂಟನ್ನು ಬೆರಳಿನಿಂದ ಒತ್ತಿ ನೋಡಿ, “ಏನವಾ ಇದು, ಅರಿವೀನ?” ಎಂದಳು. “ಪುಸ್ತಕ ಅದಾವ್ರಿ ಅಜ್ಜಿ, ಸಣ್ಣ ಮಕ್ಕಳವು.” “ಹಂಗಾರ ಸಾಲಿ ಅಕ್ಕಾರು ನೀವು!” ಅಲ್ಲ ಎಂದರೆ ಮತ್ತೆ ಹತ್ತು ಮಾತು ಆಡಬೇಕಾಗುತ್ತದೆಂದು ಪ್ರಮಿಳಾ ಹೂಂ ಎಂದಳು. ದಿನದ ಮೊದಲ ಸುಳ್ಳು ಇಷ್ಟು ಬೇಗ ಮುಗಿದದ್ದು ಅವಳಿಗೆ ಒಂದು ರೀತಿ ಹಗುರವೆನ್ನಿಸಿತು.

ತಂಟೆ ಇದ್ದದ್ದು ಹನ್ನೊಂದನೆಯ ಪುಟದ್ದು. ಕುಡಿತ ಬಿಡಿಸುವ ಡಾಕ್ಟರರೊಬ್ಬರು ಎರಡು ದಿನದ ಶಿಬಿರದಲ್ಲಿ ಎಷ್ಟೋ ವಿಷಯ ಹೇಳಿ, ಕೊನೆಗೆ, ಬೇರೆ ಏನನ್ನು ಬಿಟ್ಟರೂ ಇದೊಂದು ಸಾಲು ಬಿಡಬೇಡಿ ಎಂದು ಬೋರ್ಡಿನ ಮೇಲೆ ಆ ಮೂರು ಶಬ್ದ ಬರೆದಿದ್ದರು. ಅವಳು ಶಾಲೆಯ ಹುಡುಗಿಯಂತೆ ನಕಲು ಮಾಡಿಕೊಂಡು ಹನ್ನೊಂದನೆಯ ಪುಟಕ್ಕೆ ಹಾಕಿದ್ದಳು. ಸಂಸ್ಥೆಯ ಹಿರಿಯರಾದ ಚನ್ನಬಸಯ್ಯನವರಿಗೆ ಅದು ಹಿಡಿಸಿರಲಿಲ್ಲ. ನಿನ್ನೆ ಮೀಟಿಂಗಿನಲ್ಲಿ ಕನ್ನಡಕ ಹಣೆಗೇರಿಸಿ ಅವರು ಹೇಳಿದ್ದರು: “ನೋಡ್ರಿ ಪ್ರಮಿಳಾ ಅವರ, ನಿನ್ನ ತಪ್ಪಲ್ಲ ಅನ್ನಬೇಕಾದ್ರ ಮೊದಲ ಯಾರರ ನನ್ನ ತಪ್ಪು ಅಂದಿರಬೇಕಲ್ಲ? ಅಪ್ಪ ಕುಡದ್ರ ಅದು ನನ್ನ ತಪ್ಪು ಅಂತ ಯಾವ ಕೂಸು ಅಂತೈತಿ? ಒಂದರ ಕೂಸು ನೋಡೀರೇನು ನೀವು?” ಮೇಜಿನ ಸುತ್ತಲಿದ್ದ ಐದು ಮುಖಗಳೂ ಅವಳತ್ತ ತಿರುಗಿದವು. ಅವಳು “ಇಲ್ರಿ ಸರ್” ಎಂದಳು. “ಮತ್ತ?” ಎಂದು ನಕ್ಕು ಅವರು ತಮ್ಮ ಸಾಲನ್ನು ಓದಿದರು: ‘ಜಾಣ ಮಕ್ಕಳು ಮನಸ್ಸು ಮಾಡಿದರೆ ಅಪ್ಪನ ಕುಡಿತ ಬಿಡಿಸಬಲ್ಲರು.’ ಇದರಲ್ಲಿ ಆಶಾ ಐತಿ, ಕೆಲಸಾ ಐತಿ, ಎಂದರು. ಕೆಟ್ಟ ಮನುಷ್ಯರೇನಲ್ಲ, ಎಲ್ಲರಿಗೂ ಚಹಾ ಬಂತೋ ಇಲ್ಲವೋ ಎಂದು ಎಣಿಸಿ ನೋಡಿಯೇ ತಾವು ಕುಡಿಯುವವರು. ಪ್ರಮಿಳಾ ಮಾತ್ರ ಕಪ್ಪಿನ ಕಿವಿ ಹಿಡಿದು ಕೂತಿದ್ದಳು. ಆ ಸಾಲು ಅವಳಿಗೆ ಹೊಸದಲ್ಲ. ಹತ್ತು ವರ್ಷದ ಹುಡುಗಿಯಾಗಿದ್ದಾಗ ಯಾರೂ ಬರೆದುಕೊಡದೆಯೇ ಅದು ಅವಳಿಗೆ ಹೊಳೆದಿತ್ತು, ಹೊಳೆದಂತೆ ಮಾಡಿಯೂ ಆಗಿತ್ತು. ಕೊನೆಗೆ ತೀರ್ಮಾನವಾದದ್ದು ಇಷ್ಟು: ನಾಳೆ ಗುಂಜಿಯ ಶಾಲೆಗೆ ಹೋಗಿ ಮಕ್ಕಳೊಂದಿಗೆ ಪುಸ್ತಕ ಓದಿಸಿ ನೋಡುವುದು, ಒಂದು ಮಗುವಿಗಾದರೂ ಹನ್ನೊಂದನೆಯ ಪುಟ ಬೇಕಿತ್ತು ಎಂದು ಕಂಡರೆ ಫಾರ್ಮಿನಲ್ಲಿ ಬರೆದು ತರುವುದು, ಇಲ್ಲವಾದರೆ ಸೋಮವಾರ ಚನ್ನಬಸಯ್ಯನವರ ಸಾಲಿನೊಂದಿಗೆ ಎರಡು ಸಾವಿರ ಪ್ರತಿ ಪ್ರೆಸ್ಸಿಗೆ.

ಖಾನಾಪುರದ ಸ್ಟ್ಯಾಂಡಿನಲ್ಲಿ ಇಳಿದಾಗ ಎದುರಿಗೇ ಬೀಡಿ ಊರಿನ ಬಸ್ಸು ನಿಂತಿತ್ತು. ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ತವರು. ಅಲ್ಲಿ ತಮ್ಮ ಬೀರೇಶನ ಮನೆಯ ಕಟ್ಟೆಯ ಮೇಲೆ ಅವ್ವ ಮಾಯಕ್ಕ ಕಾಲು ಚಾಚಿ ಕೂತಿರುತ್ತಾಳೆ, ಯಾರೇ ಮಾತಿಗೆ ಸಿಕ್ಕರೂ ಹತ್ತನೆಯ ನಿಮಿಷಕ್ಕೆ ಗಂಡನ ಸುದ್ದಿ ತೆಗೆಯುತ್ತಾಳೆ. “ಎಷ್ಟ ವರ್ಷ ತಗದಿಟ್ಟ ಹೋಗತಿದ್ನವಾ, ಅವತ್ತೊಂದ ದಿನ ಹೆಂಗ ಮರತ?” ಈ ಮಾತು ಕೇಳಬೇಕಾಗುತ್ತದೆಂದೇ ಪ್ರಮಿಳಾ ತವರಿಗೆ ಹೋಗುವುದನ್ನು ಕಡಿಮೆ ಮಾಡಿದ್ದಳು. ಕೆಲಸ ಬಾಳ ಐತಿ ಎಂದು ಹೇಳಿ ಕಳಿಸುವುದು ರೂಢಿಯಾಗಿತ್ತು. ಅವರ ಕೇರಿಯಲ್ಲಿ ಗಂಡಸರ ಕುಡಿತ ಬಿಡಿಸಲು ಇದ್ದ ದಾರಿ ಒಂದೇ, ಪಂಢರಪುರಕ್ಕೆ ಕರೆದೊಯ್ದು ಕೊರಳಿಗೆ ತುಳಸಿ ಮಾಲೆ ಹಾಕಿಸುವುದು. ಮಾಲೆ ಬಿದ್ದ ಕೊರಳು ಹೆಂಡ ಇಳಿಸುವಂತಿಲ್ಲ. ಕುಡಿಯದೆ ಇರಲಾಗದವರು ಅದಕ್ಕೂ ಒಂದು ಉಪಾಯ ಕಂಡುಕೊಂಡಿದ್ದರು. ಮಾಲೆಯನ್ನು ತೆಗೆದು ಗೋಡೆಯ ಮೊಳೆಗೆ ಹಾಕಿ ಹೋಗುವುದು, ಮರುದಿನ ಸ್ನಾನ ಮಾಡಿ ಕಣ್ಣಿಗೊತ್ತಿಕೊಂಡು ಮತ್ತೆ ಧರಿಸುವುದು. ವಿಠ್ಠಲನಿಗೆ ಆ ಕಡೆ ಮುಖ ತಿರುಗಿಸಿಕೊಳ್ಳಲು ಅಷ್ಟು ಅನುಕೂಲ ಮಾಡಿಕೊಟ್ಟರೆ ಅವನೂ ಏನೂ ಅನ್ನುವುದಿಲ್ಲವೆಂದು ಊರಿಗೆ ಊರೇ ನಂಬಿತ್ತು. ಅಪ್ಪ ರಾಯಪ್ಪ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಸಂತೆಯ ದಿನ ಉಂಡವನೇ ಮಾಲೆ ಮೊಳೆಗೆ ಹಾಕುತ್ತಿದ್ದ, ಒಂದು ನಿದ್ದೆ ತೆಗೆಯುತ್ತಿದ್ದ, ಎದ್ದು ಹೋಗುತ್ತಿದ್ದ. ಮನೆಯವರೆಲ್ಲ ಮೊಳೆ ನೋಡಿಯೇ ಆ ದಿನದ ಬಾಳೇವು ನಡೆಸುತ್ತಿದ್ದರು. ಮಾಲೆ ಮೊಳೆಯಲ್ಲಿದ್ದರೆ ಅವ್ವ ಒಲೆಯ ಮುಂದಿನ ಕಟ್ಟಿಗೆ ತುಂಡುಗಳನ್ನು ಅವನ ಕೈಗೆ ಸಿಗದಂತೆ ಒಳಗೆ ಸರಿಸುತ್ತಿದ್ದಳು, ಬೀರೇಶ ಚಿಕ್ಕಪ್ಪನ ಮನೆಗೆ ಮಲಗಲು ಹೋಗುತ್ತಿದ್ದ.

ಮಾಲೆ ಕೊರಳಲ್ಲಿದ್ದರೆ ಕುಡಿಯುವುದಿಲ್ಲ, ಮೊಳೆಯಲ್ಲಿದ್ದರೆ ಕುಡಿಯುತ್ತಾನೆ. ಇದರಲ್ಲಿ ತಿಳಿಯದಿರುವುದೇನಿದೆ? ಗಣಿತದಲ್ಲಿ ಜಾಣೆಯಾಗಿದ್ದ ಹತ್ತು ವರ್ಷದ ಪ್ರಮಿಳಾ ಒಂದು ಸಂತೆಯ ಮಧ್ಯಾಹ್ನ ಸ್ಟೂಲು ಹತ್ತಿ ಮಾಲೆ ಇಳಿಸಿಕೊಂಡು, ಗೊರಕೆ ಹೊಡೆಯುತ್ತಿದ್ದ ಅಪ್ಪನ ತಲೆಯನ್ನು ಎಡಗೈಯಿಂದ ಎತ್ತಿ ಕೊರಳಿಗೆ ಹಾಕಿಬಿಟ್ಟಳು. ತಲೆ ಇಷ್ಟು ಭಾರವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಹಾಕಿ, ಹೊರಗೆ ಹೋಗಿ ಕಲ್ಲಾಟ ಆಡಿದಳು. ಅಪ್ಪ ಎದ್ದ, ಅಂಗಿ ತೊಟ್ಟ, ಹೋದ. ಸಂಜೆ ನಾಲ್ಕು ಮಂದಿ ಎತ್ತಿ ತಂದು ಅಂಗಳದಲ್ಲಿ ಕೂರಿಸಿದಾಗ ಮಾಲೆ ಕೊರಳಲ್ಲೇ ಇತ್ತು, ಮಣಿಗಳಿಗೆ ರಾಡಿ ಮೆತ್ತಿತ್ತು. ಅವ್ವ ಹೊಡೆತಕ್ಕೆ ಹೆದರಿ ಅತ್ತವಳಲ್ಲ, ಅಂದು ಮಾಲೆ ನೋಡಿ ಅತ್ತಳು. ಒಂದು ತಿಂಗಳಿಗೆ ಕಣ್ಣು ಹಳದಿಯಾಗಿ ಹೊಟ್ಟೆ ಬಾತು ಅಪ್ಪ ಸತ್ತ. ಮಾಲಿ ಮೈಮ್ಯಾಲ ಇಟಗೊಂಡ ಕುಡದಾನ, ದೇವರ ಬಿಟ್ಟಾನೇನು ಎಂದು ಮಣ್ಣಿಗೆ ಬಂದವರೆಲ್ಲ ಹೇಳಿದರು. ಹುಡುಗಿ ಎಲ್ಲರಿಗೂ ಕುಡಿಯಲು ನೀರು ಕೊಡುತ್ತ ಕೇಳಿಸಿಕೊಂಡಳು. ಶಿಬಿರದ ಡಾಕ್ಟರರು ಲಿವರಿನ ಚಿತ್ರ ತೋರಿಸಿ, ಇದು ಒಂದು ದಿನದ ಕೆಲಸವಲ್ಲ, ಹತ್ತಾರು ವರ್ಷದ್ದು ಎಂದಾಗ ಪ್ರಮಿಳಾ ಅದನ್ನೂ ನಕಲು ಮಾಡಿಕೊಂಡಳು. ಅಂದಿನಿಂದ ಎರಡೂ ಅವಳಿಗೆ ಗೊತ್ತು, ಲಿವರೂ ಮಾಲೆಯೂ. ಒಂದು ಇನ್ನೊಂದನ್ನು ಹೊರಗೆ ಹಾಕಲಿಲ್ಲ.

ಗುಂಜಿಯ ಟೆಂಪೋದಲ್ಲಿ ಮರಾಠಿ ಕನ್ನಡ ಎರಡನ್ನೂ ಕಲಸಿ ಮಾತಾಡುವ ಹೆಂಗಸರ ನಡುವೆ ಸಿಕ್ಕಿ, ಶಾಲೆ ತಲುಪಿದಾಗ ಮಧ್ಯಾಹ್ನದ ಊಟದ ಬಿಡುವು ಮುಗಿದಿತ್ತು. ಕನ್ನಡ ಶಾಲೆಯ ಟೀಚರು ಬಾಳವ್ವ ಗಟ್ಟಿ ಹೆಂಗಸು, ಗಟ್ಟಿ ದನಿ. “ಅಂಥಾ ಮಕ್ಕಳ ನಮ್ಮ ಸಾಲ್ಯಾಗ ಯಾರೂ ಇಲ್ಲ ಬಿಡ್ರಿ,” ಎಂದವಳು ಪುಸ್ತಕ ತಿರುವಿ ನೋಡುತ್ತಲೇ ನಾಲ್ಕು ಮನೆಗಳ ಹೆಸರು ಹೇಳಿದಳು. ಆಮೇಲೆ, ಪ್ರಮಿಳಾ ತಡೆಯುವಷ್ಟರಲ್ಲೇ, ನಾಲ್ಕನೆಯ ಇಯತ್ತೆಯ ಮುಂದೆ ನಿಂತು ಕೇಳಿಯೇಬಿಟ್ಟಳು: “ಏ, ಯಾರ ಯಾರ ಅಪ್ಪ ಕುಡಿತಾರ, ಕೈ ಎತ್ರಿ ನೋಡೂಣು!” ಪ್ರಮಿಳಾಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತನ್ನ ಕೈ ತನಗೆ ಗೊತ್ತಿಲ್ಲದೆ ಮೇಲೆದ್ದಿತೋ ಎಂದು ಗಾಬರಿಯಾಗಿ ನೋಡಿಕೊಂಡಳು, ಅದು ಗಂಟಿನ ಮೇಲೇ ಇತ್ತು. ಯಾವ ಮಗುವೂ ಕೈ ಎತ್ತಲಿಲ್ಲ. ಎತ್ತಲಿಲ್ಲ, ಆದರೆ ಎಲ್ಲ ತಲೆಗಳೂ ಒಂದೇ ಸಲ ಕಿಟಕಿಯ ಬಳಿ ಕೂತಿದ್ದ ಒಬ್ಬ ಹುಡುಗಿಯತ್ತ ತಿರುಗಿದವು. ಎರಡು ಜಡೆ, ಮೂಗಿನ ತುದಿಗೆ ಶಾಯಿ. ಅವಳು ಕರಿಹಲಗೆಯನ್ನು ಬಿಟ್ಟು ಕಣ್ಣು ಕದಲಿಸಲಿಲ್ಲ. ಹೆಸರು ಶೀತಲ, ವಯಸ್ಸು ಒಂಬತ್ತು ಎಂದು ಬಾಳವ್ವ ಕಿವಿಯಲ್ಲಿ ಹೇಳಿದಳು, ಆ ಕಿವಿಮಾತು ಹೊರಗಿನ ಹುಣಸೆ ಮರದವರೆಗೆ ಕೇಳಿಸಿತು.

ಪುಸ್ತಕ ಹಂಚಿದ್ದಾಯಿತು, ಮಕ್ಕಳು ಒಕ್ಕೊರಲಿನಿಂದ ಓದಿದ್ದೂ ಆಯಿತು. ಅಪ್ಪನಿಗೆ ಜಡ್ಡು. ಈ ಜಡ್ಡಿಗೆ ಜ್ವರ ಬರುವುದಿಲ್ಲ. ಈ ಜಡ್ಡಿನವರು ಸುಳ್ಳು ಹೇಳುತ್ತಾರೆ. ಹನ್ನೊಂದನೆಯ ಪುಟ ಬಂದಾಗ ‘ಇದು ನಿನ್ನ ತಪ್ಪಲ್ಲ’ ಎಂದು ಇಪ್ಪತ್ತು ಗಂಟಲುಗಳು ಮಗ್ಗಿ ಹೇಳಿದ ಹಾಗೆ ಹೇಳಿ ಮುಂದಕ್ಕೆ ಹೋದವು. ಯಾರಿಗೂ ಏನೂ ಆಗಲಿಲ್ಲ. ಚನ್ನಬಸಯ್ಯನವರು ಹೇಳಿದ್ದೇ ಖರೆ ಎಂದು ಪ್ರಮಿಳಾ ಫಾರ್ಮು ತೆಗೆದಳು. ಬೇಸರವಾಗಬೇಕಿತ್ತು, ಬದಲಿಗೆ ನೆಮ್ಮದಿಯಂಥದೇನೋ ಆಯಿತು. ತಾನು ನಂಬದ ಸಾಲು ಎರಡು ಸಾವಿರ ಮಕ್ಕಳಿಗೆ ಹೋಗುವುದು ತಪ್ಪಿತಲ್ಲ. ಘಂಟೆ ಬಾರಿಸುತ್ತಲೇ ಮಕ್ಕಳು ಹೋ ಎಂದು ಹೊರಗೆ ಬಿದ್ದರು. ಶೀತಲ ಮಾತ್ರ ಕೂತೇ ಇದ್ದಳು, ಹನ್ನೊಂದನೆಯ ಪುಟ ತೆರೆದುಕೊಂಡು.

“ಅಕ್ಕಾರ, ಇಲ್ಲಿ ಮೊಳಾ ಐತಲ್ರಿ.”

ಚಿತ್ರದಲ್ಲಿ ಅಪ್ಪ ಚಾದರ ಹೊದ್ದು ಮಲಗಿದ್ದ, ಹೊಸ್ತಿಲಲ್ಲಿ ಹುಡುಗಿ ನಿಂತಿದ್ದಳು, ಹಿಂದಿನ ಗೋಡೆಗೆ ಒಂದು ಮೊಳೆ. ಚಿತ್ರಕಾರನಿಗೆ ಮೊಳೆ ಇರಲಿ ಎಂದು ಹೇಳಿದ್ದು ಪ್ರಮಿಳಾ. ಏನು ತೂಗುಹಾಕಲಿ ಎಂದು ಅವನು ಕೇಳಿದ್ದಕ್ಕೆ ಏನೂ ಬೇಡ, ಖಾಲಿ ಇರಲಿ ಎಂದಿದ್ದಳು. ಆಮೇಲೆ ಯಾರೂ, ಚನ್ನಬಸಯ್ಯನವರೂ ಕೂಡ, ಆ ಮೊಳೆ ಯಾಕೆಂದು ಕೇಳಿರಲಿಲ್ಲ.

“ಹೌದು, ಐತಿ.”

“ಮತ್ತ ಮಾಲಿ ಎಲ್ಲೈತ್ರಿ? ಮೊಳಕ್ಕಿಲ್ಲ. ಚಾದರ ಹೊಚಗೊಂಡಾನ, ಕೊಳ್ಳ ಕಾಣವಲ್ದು. ಕೊಳ್ಳಾಗ ಐತೇನ್ರಿ?”

ಪ್ರಮಿಳಾ ಪಕ್ಕದ ಮಣೆಯ ಮೇಲೆ ಕುಳಿತಳು. ಹೊರಗೆ ಲೋಂಡಾ ಕಡೆಯ ಗೂಡ್ಸ್ ಗಾಡಿ ಹೋಗುತ್ತಿತ್ತು. “ನಿಮ್ಮಪ್ಪ ಮಾಲಿ ಹಾಕ್ಕೊಂಡಾರೇನು?” ಎಂದು ಕೇಳಿದಾಗ ತನ್ನ ದನಿ ಯಾವುದೋ ಆಫೀಸಿನ ಕಿಟಕಿಯಿಂದ ಬಂದಂತೆ ಅವಳಿಗೇ ಕೇಳಿಸಿತು. ಶೀತಲ ಒಂದೊಂದೇ ಬಿಚ್ಚಿದಳು. ಅಪ್ಪ ಶಿವಲಿಂಗ, ಖಾನಾಪುರದ ಹೆಂಚಿನ ಭಟ್ಟಿಗೆ ಉರಿ ಹಾಕುವ ಕೆಲಸ. ಇವತ್ತು ಅವನಿಗೆ ಸೂಟಿ, ಕೆಲಸಕ್ಕೆ ರಜೆ. ಸೂಟಿಯ ದಿನ ರಾತ್ರಿಪಾಳಿ ಮುಗಿಸಿ ಮುಂಜಾನೆ ಬಂದವನೇ ಮಾಲೆ ಮೊಳೆಗೆ ಹಾಕಿ ಮಲಗುತ್ತಾನೆ, ನಾಲ್ಕಕ್ಕೆ ಎದ್ದು ಹೋಗುತ್ತಾನೆ. ಅವ್ವ ಗದ್ದೆ ಕೆಲಸಕ್ಕೆ ಹೋಗಿದ್ದಾಳೆ. “ನಾ ಮಧ್ಯಾನ ಉಣ್ಣಾಕ ಹೋದಾಗ ಮಾಲಿ ತಗದ ಅಂವನ ಕೊಳ್ಳಾಗ ಹಾಕಿ ಬಂದೀನ್ರಿ. ಅಂವ ಎದ್ದಿಲ್ಲ. ಆಗ ಚೊಲೋ ಅನಸ್ತು. ಈಗ ಅಂಜಿಕಿ ಬರಾಕತ್ತೈತಿ. ಹಾಕ್ಕೊಂಡ ಕುಡದ್ರ ಏನಾಕ್ಕೈತ್ರಿ ಅಕ್ಕಾರ?”

ಡಾಕ್ಟರರು ಹೇಳಿಕೊಟ್ಟ ಉತ್ತರ ಕೈಯಲ್ಲಿದ್ದ ಪುಸ್ತಕದಲ್ಲೇ ಅಚ್ಚಾಗಿತ್ತು. ಏನೂ ಆಗುವುದಿಲ್ಲ, ಜಡ್ಡಿನದು ಬೇರೆ, ಮಾಲೆಯದು ಬೇರೆ, ಇದು ನಿನ್ನ ತಪ್ಪಲ್ಲ. ಪ್ರಮಿಳಾ ಬಾಯಿ ತೆರೆದಳು, ಬಂದ ಮಾತು ಬೇರೆಯೇ ಆಗಿತ್ತು: “ಎಷ್ಟ ದೂರ ಐತಿ ನಿಮ್ಮ ಮನಿ?”

ಮಗುವಿನ ಕೈ ಹಿಡಿದು ಅವಳು ನಡೆದಳೋ ಓಡಿದಳೋ. ಬಾಳವ್ವ ಹಿಂದಿನಿಂದ “ಚಹಾ ಮಾಡೀನ್ರೀ!” ಎಂದು ಕೂಗಿದ್ದು ಕೇಳಿಸಿತು. ಮೂವತ್ತನಾಲ್ಕು ವರ್ಷದ ಹೆಂಗಸು, ಡಿಗ್ರಿ ಮಾಡಿದವಳು, ಮಕ್ಕಳ ಮನಸ್ಸಿನ ಬಗ್ಗೆ ಎರಡು ದಿನದ ಶಿಬಿರ ಮುಗಿಸಿ ಸರ್ಟಿಫಿಕೇಟು ತಂದವಳು, ಗುರುತಿಲ್ಲದ ಗಂಡಸಿನ ಕೊರಳಿನಿಂದ ಮಾಲೆ ಕಳಚಲು ಓಡುತ್ತಿದ್ದಾಳೆ. ಅವನು ನಿದ್ದೆಯಲ್ಲಿದ್ದರೆ ತಲೆಯ ಕೆಳಗೆ ಎಡಗೈ ಹಾಕಬೇಕು ಎಂದು ಅವಳ ಎಡಗೈ ಆಗಲೇ ತಯಾರಾಗಿತ್ತು. ಯಾರಾದರೂ ನೋಡಿದರೆ? ನೋಡಲಿ. ಹಳಿ ದಾಟಿ, ಬಿದಿರಿನ ಬೇಲಿ ದಾಟಿ, ಕಾಡಿನ ಅಂಚಿಗೆ ನಾಲ್ಕೈದು ಹೆಂಚಿನ ಮನೆಗಳು ಕಂಡವು. ಮನೆಯ ಮುಂದೆ ಶಿವಲಿಂಗ ಎದ್ದು ಕೂತಿದ್ದ, ಬನಿಯನ್ನಿನಲ್ಲಿ, ಮುಖ ತೊಳೆದು. ಕೊರಳಲ್ಲಿ ಮಾಲೆ.

“ಬರ್ರಿ ಅಕ್ಕಾರ, ಕುಂದರ್ರಿ,” ಎಂದು ಅವನು ಗಡಬಡಿಸಿ ಕಟ್ಟೆಯನ್ನು ಟವೆಲ್ಲಿನಿಂದ ಝಾಡಿಸಿದ. “ಏನ ಮಾಡ್ಯಾಳ್ರಿ ನಮ್ಮ ಹುಡಿಗಿ? ಲೆಕ್ಕದಾಗ ಹುಷಾರ ಅದಾಳಂತಿದ್ರಲ್ಲ?” ಉರಿಯ ಮುಂದೆ ನಿಂತು ಸುಟ್ಟ ಮುಖ, ಮೆತ್ತನೆಯ ಮಾತು. ಹೊಡೆಯುವವನ ಮುಖ ಹೇಗಿರಬೇಕೆಂದು ಅವಳು ಪುಸ್ತಕದ ಮೂರನೆಯ ಪುಟದಲ್ಲಿ ಬರೆಸಿದ್ದಳೋ ಅದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಓಡಿ ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ. “ಪುಸ್ತಕ... ಮಕ್ಕಳ ಪುಸ್ತಕ ತಂದೇವ್ರಿ,” ಎಂದು ಕೈಯಲ್ಲಿದ್ದುದನ್ನು ಅವನ ಮುಂದೆ ಹಿಡಿದಳು. ಹಿಡಿದ ಮೇಲೆ ಅದರ ಹೆಸರು ನೆನಪಾಯಿತು. ಅವನು ಇಸಿದುಕೊಂಡು ‘ಅಪ್ಪನ ಜಡ್ಡು’ ಎಂದು ಅಕ್ಷರ ಕೂಡಿಸಿ ಓದಿದ. ಪುಟ ತಿರುವಿದ. ಹನ್ನೊಂದರಲ್ಲಿ ಹೆಬ್ಬೆರಳಿಟ್ಟು ಬಹಳ ಹೊತ್ತು ನೋಡಿದ. ಓದುತ್ತಿದ್ದನೋ, ಬರೀ ನೋಡುತ್ತಿದ್ದನೋ. “ಚಿತ್ರಾ ಚೊಲೋ ಅದಾವ್ರಿ,” ಎಂದು ಅವನು ಪುಸ್ತಕವನ್ನು ಎರಡೂ ಕೈಯಿಂದ ಮರಳಿಸಿದ.

ಆಮೇಲೆ ಒಳಗೆ ಹೋಗಿ ಅಂಗಿ ತೊಟ್ಟುಕೊಂಡ. ಬಾಗಿಲು ತೆರೆದೇ ಇತ್ತು, ಇಬ್ಬರೂ ನೋಡುತ್ತ ನಿಂತರು. ಮೇಲಿನ ಗುಂಡಿ ಹಾಕಲು ಹೋದ ಬೆರಳುಗಳಿಗೆ ಮಣಿ ತಾಗಿದವು. ಅವನು ನಿಂತ. ಮೊಳೆ ನೋಡಿದ, ಹೊರಗೆ ನಿಂತ ಮಗಳನ್ನು ನೋಡಿದ. ಈಗ ಇವನು ಗುಂಡಿ ಹಾಕಿಕೊಂಡು ಬಂದು ಕಟ್ಟೆಯ ಮೇಲೆ ಕೂತುಬಿಟ್ಟರೆ, ಚನ್ನಬಸಯ್ಯನವರೇ ನಿಮ್ಮ ಸಾಲು ಗೆದ್ದಿತು ಎಂದು ತಾನೇ ಫಾರ್ಮಿನಲ್ಲಿ ಬರೆಯುತ್ತೇನೆ ಎಂದು ಪ್ರಮಿಳಾ ದೇವರಿಗೆ ಹರಕೆ ಹೊತ್ತಂತೆ ಅಂದುಕೊಂಡಳು. ಶಿವಲಿಂಗ ಎರಡೂ ಕೈಯಿಂದ ಮಾಲೆಯನ್ನು ತಲೆಯ ಮೇಲಿಂದ ತೆಗೆದ, ಕಣ್ಣಿಗೊತ್ತಿಕೊಂಡ, ಮೊಳೆಗೆ ಹಾಕಿದ. ಹೊರಗೆ ಬಂದು ಮಗಳ ನೆತ್ತಿಯ ಮೇಲೊಮ್ಮೆ ಕೈಯಿಟ್ಟು, “ಬರ್ತೀನ್ರಿ ಅಕ್ಕಾರ” ಎಂದು ಸ್ಟೇಷನ್ನಿನ ದಾರಿ ಹಿಡಿದ. ಸಿಟ್ಟು ಮಾಡಿರಲಿಲ್ಲ, ನಾಚಿಕೆಪಟ್ಟಂತೆಯೂ ಕಾಣಲಿಲ್ಲ. ದಿನಾ ಚಪ್ಪಲಿ ಮೆಟ್ಟುವ ಹಾಗೆ ಮಾಡಿ ಮುಗಿಸಿದ್ದ.

ಶೀತಲ ಉಸಿರುಬಿಟ್ಟಳು. ಪ್ರಮಿಳೆಯೂ ಬಿಟ್ಟಳು. ಒಬ್ಬ ಮನುಷ್ಯ ಕುಡಿಯಲು ಹೋದದ್ದಕ್ಕೆ ಇಬ್ಬರಿಗೂ ಇಷ್ಟು ಹಗುರವಾಗಿದೆಯಲ್ಲ ಎಂದು ಅವಳಿಗೆ ಅಸಹ್ಯವಾಯಿತು. ಮಗು ಕಟ್ಟೆಯ ಮೇಲೆ ಕೂತು ಕಾಲು ಆಡಿಸತೊಡಗಿತು. ಏನಾದರೂ ಹೇಳಬೇಕು. ಪ್ರಮಿಳಾ ಪಕ್ಕದಲ್ಲಿ ಕೂತು, ಇಪ್ಪತ್ನಾಲ್ಕು ವರ್ಷದಲ್ಲಿ ಅವ್ವನಿಗೆ ಹೇಳದ್ದನ್ನು, ಇಪ್ಪತ್ನಾಲ್ಕು ವರ್ಷದಲ್ಲಿ ಯಾರಿಗೂ ಹೇಳದ್ದನ್ನು, ಹಳಿಯ ಕಡೆ ನೋಡುತ್ತ ಹೇಳಿದಳು.

“ನಾನೂ ಒಮ್ಮೆ ಹಾಕಿದ್ದೆ. ನಮ್ಮಪ್ಪಗ. ಮಲಗಿದ್ದಾಗ.”

“ಖರೇನ್ರಿ?” ಮಗುವಿನ ಕಾಲು ನಿಂತಿತು. “ಆಮ್ಯಾಲ?”

“ಆಮ್ಯಾಲ ಎದ್ದ. ಅಂಗಿ ಹಾಕ್ಕೊಂಡ. ಮಾಲಿ ತಗೀಲಿಲ್ಲ. ಹಂಗ ಹೋಗಿ ಕುಡದ.”

ಶೀತಲ ಯೋಚಿಸಿದಳು. ಮೂಗಿನ ತುದಿಯ ಶಾಯಿಯನ್ನು ಅಂಗೈಯಿಂದ ಒರೆಸಿಕೊಂಡಳು. ಆಮೇಲೆ, ಲೆಕ್ಕದಲ್ಲಿ ಏನೋ ಬಿಟ್ಟುಹೋಗಿದೆ ಎಂಬಂತೆ ಕೇಳಿದಳು:

“ಯಾಕ್ರಿ, ಅವರಿಗೆ ಕೈ ಇದ್ದಿದ್ದಿಲ್ಲೇನ್ರಿ?”

ಪ್ರಮಿಳಾ ಅಪ್ಪನ ಕೈಗಳನ್ನು ನೆನೆದಳು. ಕೊಡಲಿ ಹಿಡಿಯುತ್ತಿದ್ದ ಕೈ, ಕುರಿಯ ಉಣ್ಣೆ ಕತ್ತರಿಸುತ್ತಿದ್ದ ಕೈ, ಅವ್ವನ ತುರುಬು ಹಿಡಿಯುತ್ತಿದ್ದ ಕೈ. ಅವತ್ತು ಅಂಗಿಯ ಗುಂಡಿ ಹಾಕಿಕೊಂಡ ಕೈ. ಅವ್ವ ಮರೆತ ಎನ್ನುತ್ತಿದ್ದಳು, ಊರು ದೇವರು ಎನ್ನುತ್ತಿತ್ತು, ಪ್ರಮಿಳಾ ‘ನಾನೇ’ ಎಂದುಕೊಳ್ಳುತ್ತಿದ್ದಳು. ಮೂವರೂ ಆ ಎರಡು ಕೈಗಳನ್ನು ಲೆಕ್ಕದಿಂದ ಹೇಗೆ ಬಿಟ್ಟರು? ಅಪ್ಪನ ಮೇಲೆ ಸಿಟ್ಟು ಬಂತು, ಜೀವಮಾನದಲ್ಲಿ ಮೊದಲ ಸಲ.

“ಇದ್ದುವು,” ಎಂದಳು. “ಎರಡೂ ಇದ್ದುವು.”

“ಮತ್ತ?” ಎಂದಿತು ಮಗು, ಅಷ್ಟಕ್ಕೇ ಆ ವಿಷಯ ಮುಗಿಯಿತೆಂಬಂತೆ. ಪುಸ್ತಕ ತಾನು ಇಟ್ಟುಕೊಳ್ಳಬಹುದೇ ಎಂದು ಕೇಳಿತು. ಅವ್ವ ಬರುವವರೆಗೆ ಇಬ್ಬರೂ ಅದೇ ಕಟ್ಟೆಯ ಮೇಲೆ ಕೂತು ಮೊದಲಿನಿಂದ ಇನ್ನೊಮ್ಮೆ ಓದಿದರು. ಹನ್ನೊಂದನೆಯ ಪುಟವನ್ನು ಶೀತಲ ಪ್ರಮಿಳೆಯಿಂದಲೇ ಓದಿಸಿದಳು.

ಗುಂಜಿ ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ಪ್ಯಾಸೆಂಜರ್ ಗಾಡಿಗೆ ಕಾಯುತ್ತ ಅವಳು ಫಾರ್ಮು ತುಂಬಿದಳು. ಹನ್ನೊಂದನೆಯ ಪುಟ ಮಗುವಿಗೆ ಬೇಕಿತ್ತೇ ಎಂಬಲ್ಲಿ ‘ಬೇಕಿತ್ತು’ ಎಂದೂ, ಅರ್ಥವಾಯಿತೇ ಎಂಬಲ್ಲಿ ‘ಸ್ವಲ್ಪ ತಡವಾಗಿ’ ಎಂದೂ ಬರೆದಳು. ಮಗುವಿನ ಹೆಸರು ಬರೆಯುವಂತಿರಲಿಲ್ಲ, ವಯಸ್ಸು ಮಾತ್ರ. ‘ಹತ್ತು’ ಎಂದು ಬರೆದು ಫಾರ್ಮು ಮಡಚಿ ಚೀಲಕ್ಕೆ ಹಾಕಿದಳು. ಶೀತಲಳಿಗೆ ಒಂಬತ್ತು ಎಂಬುದು ಗಾಡಿ ದೇಸೂರು ದಾಟಿದ ಮೇಲೆ ನೆನಪಾಯಿತು. ಪೆನ್ನು ಕೈಯಲ್ಲೇ ಇತ್ತು, ತಿದ್ದಲಿಲ್ಲ.